ಅಕ್ಕ ತಿದ್ದಿದ ಊಟದ ಪಟ್ಟಿ

ಬೋಗಾದಿ, ಮೈಸೂರು
28-10-1996

ದಾಕ್ಷಾಯಣಿ ಅಕ್ಕನಿಗೆ ಕರಿಬಸವಯ್ಯನ ಶರಣು.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಒಲೆಗೆ ಹಾಕಬೇಡ. ಒಳ್ಳೆಯ ಸುದ್ದಿಯಿದೆ. ನಮ್ಮ ಅಕ್ಷತಾಳ ಮದುವೆ ನಿಶ್ಚಯವಾಗಿದೆ. ಹುಡುಗ ಅಮರೇಶ್, ಕೊಪ್ಪಳದ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಮನೆಯವರು ರಾಯಚೂರು ಕಡೆಯವರು. ಮಾತು ಜೋರು, ಮನಸ್ಸು ಮೆದು. ಫೆಬ್ರುವರಿ ಹದಿನಾರು, ಭಾನುವಾರ ಮುಹೂರ್ತ. ಛತ್ರವೂ ಗೊತ್ತಾಯಿತು. ದೇವರಾಜ ಮೊಹಲ್ಲಾದಲ್ಲಿ ನಮ್ಮ ಪಾತ್ರೆ ಅಂಗಡಿಯಿಂದ ಎರಡು ಬೀದಿ ಆಚೆ.

ನೀನು ನನ್ನ ಜೊತೆ ಮಾತು ಬಿಟ್ಟು ಎಂಟು ವರ್ಷ ದಾಟಿತು. ಮಾತಾಡುವುದಿಲ್ಲ ಎಂದಿದ್ದೆ, ಕಾಗದ ಓದುವುದಿಲ್ಲ ಎಂದಿರಲಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹಳೆಯದನ್ನು ಕೆದಕುವುದಿಲ್ಲ. ನಿನ್ನಿಂದ ಒಂದೇ ಒಂದು ಉಪಕಾರ ಆಗಬೇಕು. ಅವ್ವ ಇದ್ದಷ್ಟು ದಿನ ನಮ್ಮಲ್ಲಿ ಯಾರ ಮದುವೆಯಾದರೂ ಊಟದ ಪಟ್ಟಿ ಅವಳ ಬಾಯಿಂದಲೇ ಬರಬೇಕಿತ್ತು. ಅವಳು ಆ ವಿದ್ಯೆ ಕಲಿಸಿದ್ದು ನಿನಗೊಬ್ಬಳಿಗೆ. ನೀಲಮ್ಮನ ಅಡುಗೆಗೆ ಹೆಸರಿಡುವ ಹಾಗಿಲ್ಲ, ಆದರೆ ಹತ್ತು ಜನಕ್ಕೆ ಮಾಡಿದವಳಿಗೆ ಆರುನೂರು ಜನ ಎಂದರೆ ಎದೆ ಡವಗುಟ್ಟುತ್ತದೆ. ಅಡುಗೆಯ ದೇವಯ್ಯನನ್ನು ಏನು ಕೇಳಿದರೂ "ಆಗ್ಲಿ ಬುಡಿ ಸ್ವಾಮಿ" ಎನ್ನುತ್ತಾನೆ. ನಾಳೆ ನಾನು ಕಲ್ಲು ಬೇಯಿಸು ಎಂದರೂ ಹಾಗೇ ಅಂದಾನು.

ನಾವು ಗಂಡ ಹೆಂಡತಿ ಕೂತು ಬರೆದದ್ದು ಇಷ್ಟು: ಕೋಸಂಬರಿ, ಹುರುಳಿಕಾಯಿ ಪಲ್ಯ, ಎಣ್ಣೆಗಾಯಿ, ಹಿತಕಿದ ಬೇಳೆ ಸಾಗು, ಪುಳಿಯೋಗರೆ, ಬಿಸಿಬೇಳೆ ಬಾತು, ಅನ್ನ, ಒಬ್ಬಟ್ಟಿನ ಸಾರು, ಮಜ್ಜಿಗೆ ಹುಳಿ, ಅಂಬೊಡೆ, ಹಪ್ಪಳ, ಒಬ್ಬಟ್ಟು, ಗಸಗಸೆ ಪಾಯಸ, ಮೊಸರು.

ಸರಿಯಿದೆಯೇ ನೋಡಿ ಒಂದು ಸಾಲು ಬರೆದರೆ ಸಾಕು. ಭಾವನವರಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ,
ಕರಿಬಸವಯ್ಯ


ತಿಪಟೂರು
6-11-1996

ಕರಿಬಸವಯ್ಯನಿಗೆ,

ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಗೆ ಗ್ಯಾಸ್ ಬಂದು ಮೂರು ವರ್ಷವಾಯಿತು. ನಿನಗೆ ಹೇಗೆ ಗೊತ್ತಾಗಬೇಕು?

ಮಗುವಿನ ಮದುವೆ ಎಂದು ಓದಿ ಸಂತೋಷವಾಯಿತು. ಅವಳನ್ನು ನೋಡಿದಾಗ ಹೈಸ್ಕೂಲಿನಲ್ಲಿದ್ದಳು, ಎರಡು ಜಡೆ.

ಹಳೆಯದನ್ನು ಕೆದಕುವುದಿಲ್ಲವಂತೆ! ನೀನು ಕೆದಕದಿದ್ದರೆ ನಾನೇ ಕೆದಕುತ್ತೇನೆ. ನಿನ್ನ ಬೋಗಾದಿ ಮನೆಯ ಗೃಹಪ್ರವೇಶ. ಮೊದಲನೇ ಪಂಕ್ತಿ. ನೀನೇ ಒಬ್ಬಟ್ಟಿನ ತಟ್ಟೆ ಹಿಡಿದು ಬಡಿಸುತ್ತಾ ಬಂದೆ. ನಮ್ಮ ಯಜಮಾನರ ಎಲೆಯ ಹತ್ತಿರ ಬರುವಷ್ಟರಲ್ಲಿ ತಟ್ಟೆ ಖಾಲಿ. "ಭಾವ ನಮ್ಮೋರೇ ಅಲ್ವಾ, ಅವರಿಗೆ ಆಮೇಲೆ ಹಾಕಿದ್ರಾಯ್ತು ಬುಡು" ಎಂದು ನಗುತ್ತಾ ಹೋದವನು, ಹೊಸ ತಟ್ಟೆ ತಂದು ಅವರ ಪಕ್ಕದವರಿಂದ ಶುರು ಮಾಡಿದೆ. ಆ 'ಆಮೇಲೆ' ಬರಲೇ ಇಲ್ಲ. ಮನೆಯ ಅಳಿಯ, ಹೆಡ್ಮಾಸ್ಟರ್ ಆಗಿದ್ದ ಮನುಷ್ಯ, ಎಲೆ ಮುಚ್ಚಿ ಕೈ ತೊಳೆದು ಒಂದು ಮಾತೂ ಆಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಒಬ್ಬಟ್ಟಿಗೆ ಗತಿಯಿಲ್ಲದವರಲ್ಲ ನಾವು. ನೀನು ಮರೆತೆಯಲ್ಲ, ನನಗೆ ನೋವಾದದ್ದು ಅದು. ನಿನ್ನ ಮನೆಯಲ್ಲಿ ಇನ್ನು ತುತ್ತು ಎತ್ತುವುದಿಲ್ಲ ಎಂದು ಆವತ್ತು ಹೊಸ್ತಿಲ ಮೇಲೆ ನಿಂತು ಹೇಳಿದ್ದೇನೆ. ಆ ಮಾತು ಹಾಗೇ ಇದೆ.

ಇನ್ನು ನಿನ್ನ ಪಟ್ಟಿ. ಪುಳಿಯೋಗರೆ, ಬಿಸಿಬೇಳೆ ಬಾತು, ಒಬ್ಬಟ್ಟಿನ ಸಾರು, ಮೂರಕ್ಕೂ ಹುಣಸೆಹಣ್ಣು. ನಿನಗೇನು ಬೀಗರ ಹಲ್ಲು ಚುಳುಗುಟ್ಟಿಸಬೇಕು ಎಂದಿದೆಯೇ? ಪುಳಿಯೋಗರೆ ತೆಗೆ. ಹಿತಕಿದ ಬೇಳೆಯೂ ಬೇಡ. ಫೆಬ್ರುವರಿ ನಡುವಿಗೆ ಅವರೆ ಬಲಿತು ಸೊಗಡು ಹೋಗಿರುತ್ತದೆ, ಹೆಸರಿಗೆ ಮಾತ್ರ ಅವರೆ. ಗಸಗಸೆ ಪಾಯಸ ಕುಡಿಸಿದರೆ ರಾಯಚೂರಿನವರು ಛತ್ರದಲ್ಲೇ ಮಲಗಿ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಶಾವಿಗೆ ಪಾಯಸ ಮಾಡಿಸು. ಎಣ್ಣೆಗಾಯಿಗೆ ಈರನಗೆರೆ ಬದನೆಕಾಯಿ ಬಿಟ್ಟು ಬೇರೆ ತಂದರೆ ದೇವಯ್ಯನ ಕೈಯಿಂದ ಸೌಟು ಕಿತ್ತುಕೋ.

ತಪ್ಪು ಕಂಡಿತು, ತಿದ್ದಿದ್ದೇನೆ. ಬರುತ್ತೇನೆಂದು ತಿಳಿಯಬೇಡ.

ದಾಕ್ಷಾಯಣಮ್ಮ


ಬೋಗಾದಿ, ಮೈಸೂರು
21-11-1996

ಅಕ್ಕನಿಗೆ ಶರಣು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬೈಗುಳ ಬಂದ ಕಡೆ ನೀಲಮ್ಮ "ಅಕ್ಕೋರು ಚೆನ್ನಾಗವ್ರೆ ಕಣ್ರೀ, ದನಿ ಹಂಗೇ ಐತೆ" ಎಂದಳು. ಪುಳಿಯೋಗರೆ, ಅವರೆ, ಗಸಗಸೆ ಮೂರನ್ನೂ ಹೊಡೆದು ಹಾಕಿದೆ.

ಈಗ ಬೇರೊಂದು ವಿಷಯ. ಕುವೆಂಪುನಗರದ ಹುಡುಗನೊಬ್ಬ ಬಂದಿದ್ದ. ಕ್ಯಾಟರಿಂಗ್ ಅಂತೆ. ಫೋಟೋ ಆಲ್ಬಂ ತೋರಿಸಿದ. ಉದ್ದದ ಮೇಜು, ಅದಕ್ಕೆ ಬಿಳಿ ಬಟ್ಟೆ, ಮೇಲೆ ಸಾಲಾಗಿ ಮುಚ್ಚಳದ ಪಾತ್ರೆಗಳು. ಜನ ತಟ್ಟೆ ಹಿಡಿದು ಬಂದು ಬೇಕಾದ್ದು ಬೇಕಾದಷ್ಟು ಹಾಕಿಕೊಂಡು ಹೋಗುತ್ತಾರೆ. ಬಫೆ ಎನ್ನುತ್ತಾರೆ. ಗೋಬಿ ಮಂಚೂರಿ, ಐಸ್ ಕ್ರೀಂ ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಕಲ್ಲಂಗಡಿ ಹಣ್ಣಿನಲ್ಲಿ ನವಿಲು ಕೆತ್ತಿ ನಿಲ್ಲಿಸುತ್ತಾನಂತೆ. ಪೇಟೆಯಲ್ಲಿ ಈಗ ಇದೇ ನಡೆಯುತ್ತಿದೆ. ಪಂಕ್ತಿ ಹಾಕುವ, ಎಳೆದಾಡುವ ತಾಪತ್ರಯವಿಲ್ಲ. ನಾನು ಹೂಂ ಅನ್ನುವ ಮನಸ್ಸಿನಲ್ಲಿದ್ದೇನೆ. ದೇವಯ್ಯನಿಗೆ ಬೆಳಗಿನ ತಿಂಡಿ ಮಾತ್ರ ಕೊಟ್ಟರಾಯಿತು.

ನಿನ್ನ ಅಭಿಪ್ರಾಯ ತಿಳಿಸು.

ಕರಿಬಸವಯ್ಯ


ತಿಪಟೂರು
27-11-1996

ಕರಿಬಸವಯ್ಯ,

ಮನೆಗೆ ಕರೆದವರನ್ನು ತಟ್ಟೆ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತೀಯಾ? ಅಕ್ಕಿ ಸಕ್ಕರೆಗೆ ಸೊಸೈಟಿ ಮುಂದೆ ನಿಂತದ್ದು ಸಾಲದೇ ಅವರಿಗೆ? ಮಂಡಿ ನೋವಿನ ಮುದುಕಿಯರು ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಸೆರಗು ಹಿಡಿದು ಯಾವ ಕೈಯಲ್ಲಿ ಉಣ್ಣಬೇಕು? ಕಲ್ಲಂಗಡಿಯ ನವಿಲಂತೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ದಾಸೋಹದ ಮನೆತನ ನಮ್ಮದು. ಅಜ್ಜ ಬಂದವರನ್ನು ಕೂರಿಸಿ ಬಡಿಸಿ ಆಮೇಲೆ ಊರು ಯಾವುದು ಎಂದು ಕೇಳುತ್ತಿದ್ದರು. ಮಠದ ಪಂಕ್ತಿಯಲ್ಲಿ ನಿನ್ನಷ್ಟು ಚುರುಕಾಗಿ ಬಡಿಸುವವರು ಇರಲಿಲ್ಲ. ನೀನು ಹೀಗೆ ಯಾವಾಗ ಆದೆ?

ಬಫೆ ಮಾಡುವುದಾದರೆ ನನಗೆ ಪಟ್ಟಿ ಕಳಿಸಬೇಡ. ಆ ನವಿಲನ್ನೇ ಕೇಳು.

ದಾಕ್ಷಾಯಣಮ್ಮ


ಬೋಗಾದಿ, ಮೈಸೂರು
5-1-1997

ಅಕ್ಕ,

ನಿನ್ನ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ಲಗ್ನಪತ್ರಿಕೆ ಅಚ್ಚಾಗಿ ಬಂದಿದೆ, ಮೊದಲನೆಯದನ್ನು ಚಾಮುಂಡಿ ಬೆಟ್ಟದಲ್ಲಿ ಅಮ್ಮನವರ ಮುಂದೆ ಇಟ್ಟು ಬಂದೆವು. ಎರಡನೆಯದು ಇದರ ಜೊತೆ ಇದೆ. ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ.

ಯಾವಾಗ ಹೀಗಾದೆ ಎಂದು ಕೇಳಿದೆ. ಗೃಹಪ್ರವೇಶದ ದಿನದಿಂದ ಆದೆ. ಆವತ್ತು ನೀವು ಹೊರಟು ಹೋದ ಮೇಲೆ ನಾನು ಒಂದು ಪಂಕ್ತಿಗೂ ಬಡಿಸಿಲ್ಲ. ಮಠಕ್ಕೆ ಹೋಗುತ್ತೇನೆ, ತರಕಾರಿ ಹೆಚ್ಚುತ್ತೇನೆ, ಎಲೆ ಎತ್ತುತ್ತೇನೆ. ಸಾರಿನ ಬಕೆಟ್ ಕೈಗೆ ಕೊಟ್ಟರೆ ಮಾತ್ರ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತೇನೆ. ಅಂಗಡಿಯಲ್ಲಿ ದಿನಾ ಬಡಿಸುವ ಬಕೆಟ್ಟು, ಸೌಟು ಮಾರುವವನಿಗೆ ಅದನ್ನು ಹಿಡಿಯಲು ಭಯ ಎಂದರೆ ಯಾರಾದರೂ ನಗುತ್ತಾರೆ. ಯಾರಿಗೂ ಹೇಳಿಲ್ಲ, ನೀಲಮ್ಮನಿಗೂ. ಬಡಿಸಲು ಹೊರಟರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಹಿಂದೆ ಯಾರನ್ನೋ ಬಿಟ್ಟು ಬಂದಿರುತ್ತೇನೆ ಅನ್ನಿಸುತ್ತದೆ. ಆಗ ತಿರುಗಿ ನೋಡುವ ಧೈರ್ಯ ನನಗಿಲ್ಲ.

ಬಫೆ ಎಂದರೆ ಬಡಿಸುವುದಿಲ್ಲ. ಬಡಿಸದಿದ್ದರೆ ಯಾರ ಎಲೆಯೂ ತಪ್ಪುವುದಿಲ್ಲ. ನನ್ನ ತಲೆಗೆ ಹೊಳೆದದ್ದು ಅಷ್ಟೇ. ಮಂಚೂರಿಯೂ ಬೇಡ, ನವಿಲೂ ಬೇಡ. ಮಗಳ ಮದುವೆಯಲ್ಲಿ ಇನ್ನೊಬ್ಬರು ಎಲೆ ಮುಚ್ಚಿ ಎದ್ದು ಹೋಗುವುದನ್ನು ನಾನು ನೋಡಲಾರೆ.

ಭಾವನವರನ್ನು ನಮ್ಮವರು ಎಂದುಕೊಂಡೇ ಮರೆತೆ. ನಮ್ಮವರನ್ನು ಮೊದಲು ನೆನೆಯಬೇಕಿತ್ತು. ತಪ್ಪಾಯಿತು ಅಕ್ಕ. ಎಂಟು ವರ್ಷದ ಹಿಂದೆಯೇ ಬಂದು ಹೇಳಬೇಕಾಗಿದ್ದ ಮಾತು.

ಕರಿಬಸವ


ತಿಪಟೂರು
11-1-1997

ಚಿ. ಕರಿಬಸವಯ್ಯನಿಗೆ ಸಿದ್ದಲಿಂಗಸ್ವಾಮಿಯ ಆಶೀರ್ವಾದಗಳು.

ಈ ಕಾಗದವನ್ನು ನಾನು ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನಕ್ಕನಿಗೆ ಗೊತ್ತಾಗಬಾರದು. ಓದಿದ ಮೇಲೆ ನೀನಾದರೂ ಇದನ್ನು ಒಲೆಗೆ ಹಾಕು.

ನಿನ್ನ ಕಾಗದವನ್ನು ಅವಳು ನನಗೆ ಓದಿ ಹೇಳಿದಳು. ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದಳು. ಉಳಿದದ್ದನ್ನು ನಾನೇ ಓದಿಕೊಂಡೆ. ಓದಿ ಬಹಳ ನಾಚಿಕೆಯಾಯಿತು. ಏಕೆಂದರೆ, ಅಪ್ಪಾ, ನನಗೆ ಒಬ್ಬಟ್ಟು ಸೇರುವುದಿಲ್ಲ. ಹುಟ್ಟಿದಾಗಿನಿಂದ ಸೇರುವುದಿಲ್ಲ. ಹೂರಣದ ವಾಸನೆಗೇ ತಲೆ ತಿರುಗುತ್ತದೆ. ಮೇಷ್ಟ್ರು, ಅಳಿಯ ಎಂದು ಎಲ್ಲರೂ ಬಲವಂತ ಮಾಡಿ ಹಾಕುತ್ತಾರೆ, ಮರ್ಯಾದೆಗೆ ನುಂಗುತ್ತೇನೆ. ಆವತ್ತು ನಿನ್ನ ತಟ್ಟೆ ನನ್ನ ಮುಂದೆ ಖಾಲಿಯಾದಾಗ ಬದುಕಿದೆ ಎಂದುಕೊಂಡೆ. ನೀನು ಮತ್ತೆ ನೆನಪಿಸಿಕೊಂಡು ಬರುವುದರೊಳಗೆ ಎಲೆ ಮುಚ್ಚಿ ಎದ್ದೆ. ನಾಲ್ಕೂವರೆಯ ಬಸ್ಸಿತ್ತು, ಅದನ್ನು ಹಿಡಿಯಲು ಬೇಗ ಬೇಗ ನಡೆದೆ. ನಿನ್ನಕ್ಕ ಅದನ್ನು ಕೋಪ ಎಂದು ತಿಳಿದಳು.

ಮೊದಲ ದಿನವೇ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ನನಗೋಸ್ಕರ ತೌರುಮನೆಯನ್ನೇ ಬಿಟ್ಟು ಬಂದಿದ್ದಾಳೆ. ಒಬ್ಬಟ್ಟು ನನಗೆ ಬೇಡವಾಗಿತ್ತು ಎಂದು ಹೇಳುವ ಗಂಡಸು ತಿಪಟೂರಿನಲ್ಲಿಲ್ಲ. ನನ್ನ ಶಿಕ್ಷೆ ಕೇಳು. ನಿನ್ನ ಮನೆಯಲ್ಲಿ ತಪ್ಪಿದ ಒಬ್ಬಟ್ಟನ್ನು ಎಂಟು ವರ್ಷದಿಂದ ಹಬ್ಬ ಹಬ್ಬಕ್ಕೂ ನನಗೆ ತಿನ್ನಿಸುತ್ತಿದ್ದಾಳೆ. ಎರಡೆರಡು, ತುಪ್ಪ ಸುರಿದು.

ನೀನು ಭಯ ಬಿಡು. ಅವಳು ಬರುತ್ತಾಳೋ ಇಲ್ಲವೋ ನನಗೂ ಹೇಳಿಲ್ಲ. ಆದರೆ ನಿನ್ನೆ ಕಾಯಿ ಸುಲಿಯುವ ಶಾಮಣ್ಣನನ್ನು ಕರೆಸಿ ನೂರೈವತ್ತು ಕಾಯಿ ಬೇರೆ ಇಡಿಸಿದ್ದಾಳೆ. ಮನೆಯಲ್ಲಿರುವವರು ಇಬ್ಬರು.

ಸಿದ್ದಲಿಂಗಸ್ವಾಮಿ


ತಿಪಟೂರು
19-1-1997

ಕರಿಬಸವ,

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ನನಗೂ ಸುಲಭವಾಗಲಿಲ್ಲ.

ಅವ್ವ ಪಂಕ್ತಿ ನಡೆಸುತ್ತಿದ್ದುದು ನಿನಗೆ ನೆನಪಿದೆಯೇ? ಬಡಿಸುವವರು ಮುಂದೆ ಹೋಗುತ್ತಿದ್ದರು. ಅವರ ಹಿಂದೆ ಅವ್ವ ಬರಿಗೈಯಲ್ಲಿ ನಡೆಯುತ್ತಿದ್ದಳು. ಯಾರ ಎಲೆಯಲ್ಲಿ ಏನಿಲ್ಲ ಎಂದು ನೋಡುವುದಷ್ಟೇ ಅವಳ ಕೆಲಸ. ಬಡಿಸುವವನ ಕಣ್ಣು ತಟ್ಟೆಯ ಮೇಲಿರುತ್ತದೆ, ಎಲೆ ತಪ್ಪುವುದು ಸಹಜ, ಅದಕ್ಕೇ ಹಿಂದೆ ಒಬ್ಬರು ಇರಬೇಕು ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ನನ್ನದು. ನಿನ್ನ ಗೃಹಪ್ರವೇಶದಲ್ಲಿ ನಿನ್ನ ಹಿಂದೆ ನಾನು ನಡೆಯಬೇಕಿತ್ತು. ನಾನು ರೇಷ್ಮೆ ಸೀರೆ ಉಟ್ಟು ಎದುರು ಸಾಲಿನಲ್ಲಿ ಕೂತಿದ್ದೆ. ನೀನು ಅವರ ಎಲೆ ಬಿಟ್ಟು ಹೋದದ್ದನ್ನು ನೋಡಿದೆ. "ಲೋ ಕರಿಬಸವ, ಇಲ್ಲಿ ಬಾರೋ" ಎಂದು ಕೂಗಿದ್ದರೆ ಆಗುತ್ತಿತ್ತು. ಕೂಗಲಿಲ್ಲ. ನೀನೇ ನೆನಪಿಸಿಕೊಳ್ಳುತ್ತೀಯೋ ಇಲ್ಲವೋ ನೋಡೋಣ ಎಂದು ಕಾದೆ. ನಿನ್ನದು ಮರೆವು. ನನ್ನದು ಮರೆವಲ್ಲ. ಎಂಟು ವರ್ಷ ಇದನ್ನು ನಿನ್ನ ಭಾವನ ಹತ್ತಿರವೂ ಹೇಳಿಲ್ಲ.

ಈಗ ಕೆಲಸದ ಮಾತು. ಬಫೆಯ ಹುಡುಗನಿಗೆ ಬೇಡ ಎಂದು ಹೇಳಿ ಕಳಿಸು. ಬಾಳೆ ಎಲೆ, ನೆಲದ ಮೇಲೆ ಕೂರಲಾಗದವರಿಗೆ ಮೇಜು. ಸಾಲಿಗೆ ಇಬ್ಬರು ಬಡಿಸುವವರು. ಹಿಂದೆ ನಾನು ನಡೆಯುತ್ತೇನೆ. ನೀನು ಬಕೆಟ್ ಮುಟ್ಟಬೇಡ, ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿ. ರಾಯಚೂರಿನವರಿಗೆ ಜೋಳದ ರೊಟ್ಟಿಯಿಲ್ಲದೆ ಊಟ ಇಳಿಯುವುದಿಲ್ಲ, ಅದನ್ನು ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ. ದೇವಯ್ಯನಿಗೆ ಬರುವುದಿಲ್ಲ. ಯಾರನ್ನಾದರೂ ಹುಡುಕು. ಕಾಯಿ ನಾನು ತರುತ್ತೇನೆ. ಮಾರ್ಕೆಟ್ಟಿನ ಕಾಯಿ ನಂಬಬೇಡ.

ಹದಿನೈದರ ಮಧ್ಯಾಹ್ನ ಬರುತ್ತೇವೆ. ನೆಟ್ಟಗೆ ಛತ್ರಕ್ಕೆ ಬಂದು ಅಲ್ಲೇ ಇಳಿಯುತ್ತೇವೆ. ತುತ್ತು ಎತ್ತುವುದಿಲ್ಲ ಎಂದು ನಾನು ಹೇಳಿದ್ದು ಬೋಗಾದಿಯ ಮನೆಯ ವಿಷಯ. ಛತ್ರ ನಿನ್ನ ಮನೆಯಲ್ಲ. ಆಡಿದ ಮಾತು ಆಡಿದ್ದೇ, ಆ ಮನೆಗೆ ಕರೆಯಬೇಡ.

ನಿನ್ನ ಅಕ್ಕ,
ದಾಕ್ಷಾಯಣಿ


ಬೋಗಾದಿ, ಮೈಸೂರು
28-1-1997

ಅಕ್ಕ,

ಕಾರ್ಡಿನಲ್ಲಿ ಜಾಗ ಕಡಿಮೆ. ರೊಟ್ಟಿಗೆ ಜನ ಸಿಕ್ಕಿದರು! ನಮ್ಮ ಹಿಂದಿನ ಬೀದಿಯಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ಕೆಲಸಕ್ಕೆ ಬಂದಿರುವ ಬಸವಮ್ಮ ಎಂಬ ಹೆಂಗಸು ರಾಯಚೂರು ಕಡೆಯವಳೇ. ಸಂಜೆ ಅವಳ ಶೆಡ್ಡಿನಿಂದ ರೊಟ್ಟಿ ತಟ್ಟುವ ಸದ್ದು ದಿನಾ ಕೇಳುತ್ತಿದ್ದೆ, ತಲೆಗೇ ಹೋಗಿರಲಿಲ್ಲ. ಕೇಳಿದ್ದಕ್ಕೆ "ನಮ್ಮೂರ ಮಂದಿ ಬರ್ತಾರಂದ್ರ ಯಾಕ್ ಮಾಡಂಗಿಲ್ರಿ" ಎಂದಳು. ಇನ್ನೂ ಮೂವರನ್ನು ಕರೆದುಕೊಂಡು ಬರುತ್ತಾಳೆ.

ಪಟ್ಟಿ ಈಗ ದೇವಯ್ಯನ ಕೈಯಲ್ಲಿದೆ. "ಇದು ಸರಿಯಾಗೈತೆ, ಯಾರ್ ಬರೆದ್ರು?" ಎಂದು ಮೊದಲನೇ ಸಲ ಬಾಯಿ ಬಿಟ್ಟ. ನಮ್ಮಕ್ಕ ಎಂದೆ. ಹೇಳುವಾಗ ಬಹಳ ಖುಷಿಯಾಯಿತು.

ಮನೆಗೆ ಕರೆಯುವುದಿಲ್ಲ. ನೀನು ಬರುತ್ತೀಯಲ್ಲ, ಅಷ್ಟು ಸಾಕು.

ಕರಿಬಸವ


ತಿಪಟೂರು
27-2-1997

ಮಗಳೇ ಅಕ್ಷತಾ,

ಕೊಪ್ಪಳದಿಂದ ನೀನು ಬರೆದ ಕಾಗದ ನಿನ್ನೆ ಬಂತು. ಹೊಸ ಮನೆಯ ಬಿಸಿಲು, ಅತ್ತೆ ಮಾವಂದಿರ ಅಕ್ಕರೆ ಎಲ್ಲ ಓದಿ ಇಲ್ಲಿ ನಿನ್ನ ಮಾವನೂ ನಾನೂ ಸಂತೋಷಪಟ್ಟೆವು. "ನಾನು ಹೊರಟ ಮೇಲೆ ಏನಾಯಿತು ಅತ್ತೆ, ಅಪ್ಪ ಹೇಗಿದ್ದರು" ಎಂದು ಕೇಳಿದ್ದೀಯ. ಹೇಳುತ್ತೇನೆ.

ಊಟದ ವಿಷಯ ನಿನಗೆ ಗೊತ್ತಿರುವುದಿಲ್ಲ, ನೀನು ಹಸೆಯ ಮೇಲಿದ್ದೆ. ಐದು ಪಂಕ್ತಿ ಆಯಿತು. ಐದಕ್ಕೂ ನಾನು ಬಡಿಸುವವರ ಹಿಂದೆ ನಡೆದೆ. ಒಟ್ಟು ಒಂಬತ್ತು ಎಲೆ ತಪ್ಪಿದ್ದವು, ಒಂಬತ್ತನ್ನೂ ಹಿಡಿದೆ. ನಿನ್ನ ಗಂಡನ ಸೋದರಮಾವ ರೊಟ್ಟಿ ಮುರಿದು ಎಣ್ಣೆಗಾಯಿ ನೆಂಚಿಕೊಂಡು "ಮೈಸೂರಾಗ ಇಂಥ ರೊಟ್ಟಿ ಬಡದೋರು ಯಾರು?" ಎಂದು ಎದ್ದೇ ಹೋದರು. ಅಡುಗೆ ಮನೆಯಲ್ಲಿ ಬಸವಮ್ಮನನ್ನು ಮಾತಾಡಿಸಿ ಅರ್ಧ ಗಂಟೆ ಅಲ್ಲೇ ಕೂತರು. ಅವರ ಊರಿಗೂ ಅವಳ ಊರಿಗೂ ನಡುವೆ ಒಂದು ಹಳ್ಳ ಅಡ್ಡ, ಅಷ್ಟೆ. ನಮ್ಮ ಯಜಮಾನರು ಮಾತ್ರ ಒಬ್ಬಟ್ಟು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ಬೇಡ ಎಂದರು. ಎಂಟು ವರ್ಷವಾದರೂ ಅವರ ಅಭಿಮಾನ ಹೋಗಿಲ್ಲ ನೋಡು ಎಂದು ನಿಮ್ಮಪ್ಪನಿಗೆ ಹೇಳಿದೆ. ಅವನಿಗೆ ಅದೇನು ಕೆಮ್ಮು ಬಂತೋ, ಮುಖ ಮುಚ್ಚಿಕೊಂಡು ಆಚೆ ಹೋದ.

ನೀನು ಕಾರು ಹತ್ತಿದ ಮೇಲೆ ಅವನು ಬಹಳ ಹೊತ್ತು ಛತ್ರದ ಮೆಟ್ಟಿಲ ಮೇಲೆ ಕೂತಿದ್ದ. ನಾನೂ ಪಕ್ಕದಲ್ಲಿ ಕೂತೆ.

ಮಾರನೇ ದಿನ ಬೆಳಿಗ್ಗೆ ಛತ್ರ ಬಿಟ್ಟುಕೊಡಬೇಕಿತ್ತು. ನಮ್ಮದು ಹತ್ತು ಗಂಟೆಯ ಬಸ್ಸು. ನೋಡುತ್ತೇನೆ, ನಮ್ಮ ಬ್ಯಾಗಿಲ್ಲ. ನಿನ್ನ ಮಾವ ಅದನ್ನು ಪಾತ್ರೆಯ ವ್ಯಾನಿನಲ್ಲಿ ಬೋಗಾದಿಗೆ ಕಳಿಸಿಬಿಟ್ಟಿದ್ದಾರೆ! ಕೇಳಿದರೆ "ತಪ್ಪಾಗಿ ಹೋಯ್ತು ಕಣೇ" ಎಂದು ಕನ್ನಡಕ ಒರೆಸಿಕೊಂಡರು. ಮೂವತ್ತು ವರ್ಷ ಮಕ್ಕಳ ಹಾಜರಿ ತಪ್ಪದೆ ಕೂಗಿದ ಮನುಷ್ಯನಿಗೆ ಒಂದು ಬ್ಯಾಗು ತಪ್ಪಿತಂತೆ. ಗೇಟಿನ ಹತ್ತಿರ ನಿಂತು ಬ್ಯಾಗ್ ತೆಗೆದುಕೊಂಡು ಹೊರಡುವುದು ಎಂದು ಗಟ್ಟಿ ಮನಸ್ಸು ಮಾಡಿ ಆಟೋ ಹತ್ತಿದೆ.

ಹೋದರೆ ಬಾಗಿಲು ಹಾರು ಹೊಡೆದಿದೆ. ಹಾಲಿನ ತುಂಬ ಹಾರ, ತಾಂಬೂಲದ ಚೀಲ, ಪಾತ್ರೆ. ನಿಮ್ಮಮ್ಮ ನೀಲಮ್ಮ ಚಾಪೆಯ ಮೇಲೆ ಕೈಬಳೆ, ಸರ ಒಂದನ್ನೂ ಬಿಚ್ಚದೆ ಮಲಗಿ ನಿದ್ದೆ ಹೋಗಿದ್ದಳು. ವಾರದಿಂದ ಕಣ್ಣು ಮುಚ್ಚಿರಲಿಲ್ಲ, ಪಾಪ. ನಿಮ್ಮಪ್ಪ ನಿನ್ನ ಕೋಣೆಯಲ್ಲಿ ನಿನ್ನ ಮಂಚದ ಮೇಲೆ ಕೂತಿದ್ದ. ನನ್ನನ್ನು ಬಾಗಿಲಲ್ಲಿ ನೋಡಿ ಎದ್ದು ನಿಂತ. ಒಳಗೆ ಬಾ ಎನ್ನಲಿಲ್ಲ. ಕರೆಯಬೇಡ ಎಂದು ನಾನೇ ಬರೆದಿದ್ದೆನಲ್ಲ. "ತಿಂಡಿ ಏನಾಯ್ತೋ?" ಎಂದೆ. "ತಿಂಡಿ ಯಾರಿಗೂ ನೆನಪೇ ಆಗಲಿಲ್ಲ ಕಣಕ್ಕ" ಎಂದ. ನಾಲ್ಕು ತಿಂಗಳು ಕಾಗದ ಬರೆದು ಬರೆದು ಆರುನೂರು ಜನಕ್ಕೆ ಏನೇನು ಬೇಕೆಂದು ಯೋಚಿಸಿದೆವು. ಮಾರನೇ ದಿನ ಬೆಳಿಗ್ಗೆ ಮನೆಯವರು ಏನು ತಿನ್ನಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ನಾನು ಸೆರಗು ಕಟ್ಟಿಕೊಂಡು ಅಡುಗೆ ಮನೆಗೆ ಹೋದೆ. ಅವನು ಬಿಡಲಿಲ್ಲ. "ನೀನು ಕೂತ್ಕೋ ಅಕ್ಕ, ಐದು ಪಂಕ್ತಿ ನಡೆದಿದ್ದೀಯ, ಕಾಲು ಊದವೆ. ನಾನು ಮಾಡ್ತೀನಿ" ಎಂದ. ಅವನು ಹುಟ್ಟಿದ ಮೇಲೆ ಒಲೆ ಹಚ್ಚಿದ್ದನ್ನು ನಾನು ನೋಡಿಲ್ಲ. ಉಪ್ಪಿಟ್ಟು ಮಾಡಿದ. ಈರುಳ್ಳಿ ಒಂದೊಂದು ಒಂದೊಂದು ಗಾತ್ರ. ಮಾಡಿ, ಬಾಣಲೆಯನ್ನೇ ಎತ್ತಿಕೊಂಡು ಬಂದ. ನಿನ್ನ ಮಾವನ ತಟ್ಟೆಗೆ ಮೊದಲು ಹಾಕಿದ, ಆಮೇಲೆ ನನಗೆ. ಎಂಟು ವರ್ಷದ ಮೇಲೆ ಬಡಿಸಿದ.

ತುತ್ತು ಎತ್ತುವಾಗ ನನ್ನ ಮಾತು ನೆನಪಾಯಿತು. ನೆನಪಾದ ಮೇಲೇ ಎತ್ತಿದೆ.

ಅವನು ಸೌಟು ಹಿಡಿದು ಎದುರಿಗೇ ನಿಂತು "ಹೆಂಗಿದೆ ಅಕ್ಕ?" ಎಂದು ಕೇಳಿದ. ರವೆ ಹುರಿದಿರಲಿಲ್ಲ. ಗಂಟು ಗಂಟು. ಗಾಬರಿಯಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. "ಚೆನ್ನಾಗಿದೆ ಕಣೋ, ಇನ್ನೊಂದು ಸೌಟು ಹಾಕು" ಎಂದೆ. ಹಾಕಿದ. ತಿಪಟೂರು ಬರುವವರೆಗೂ ನಾನೂ ನಿನ್ನ ಮಾವನೂ ನೀರು ಕುಡಿಯುತ್ತಲೇ ಇದ್ದೆವು. ಅವನಿಗೆ ಇದನ್ನೆಲ್ಲ ಬರೆಯಬೇಡ.

ನಿನ್ನ ಅತ್ತೆ,
ದಾಕ್ಷಾಯಣಮ್ಮ